ಕತ್ತರಿಸಿದ ಮೊದಲ ಪ್ಯಾರಾ

ಸೋಮವಾರ, ಫೆಬ್ರವರಿ 3

ಇವತ್ತು ಬೆಳಿಗ್ಗೆ ಸ್ಟಾಫ್ ರೂಮಿನಲ್ಲಿ ನನ್ನ ಮೇಜಿನ ಡ್ರಾಯರ್ ಅರ್ಧ ಬೆರಳಿನಷ್ಟು ತೆರೆದಿತ್ತು. ಶನಿವಾರ ಹೊರಡುವಾಗ ಮುಚ್ಚಿದ್ದೆ. ಮುಚ್ಚಿದ ಮೇಲೆ ಎರಡು ಸಲ ಒತ್ತಿಯೂ ನೋಡಿದ್ದೆ. ಅದಕ್ಕೆ ಬೀಗವಿಲ್ಲ, ಮೂರು ತಿಂಗಳ ತಾತ್ಕಾಲಿಕ ಟೀಚರಿಗೆ ಬೀಗವಿರುವ ಮೇಜು ಯಾರು ಕೊಡುತ್ತಾರೆ?

ಒಳಗೆ ಎಲ್ಲವೂ ಇಟ್ಟಲ್ಲೇ ಇತ್ತು. ಒಂಬತ್ತನೇ ತರಗತಿಯ ಇಂಗ್ಲಿಷ್ ಪ್ರಶ್ನೆಪತ್ರಿಕೆ, ಉತ್ತರಸೂಚಿ, ಇವೆರಡಕ್ಕೂ ಮೂಲವಾದ ಹಳೆಯ ಟೈಪ್ ಹಾಳೆ. ಇಟ್ಟಲ್ಲೇ ಇದ್ದದ್ದೇ ನನಗೆ ಹಿಡಿಸಲಿಲ್ಲ. ಜಾಣರು ತೆಗೆದದ್ದನ್ನು ಇದ್ದ ಹಾಗೆಯೇ ಇಡುತ್ತಾರೆ.

ಮೂರನೇ ಪೀರಿಯಡ್ಡಿಗೆ ಪರೀಕ್ಷೆ ಆಯಿತು. ಮಕ್ಕಳು ಮೊದಲು ಓದಿರದ ಒಂದು ಗದ್ಯಭಾಗ, ಅದರ ಮೇಲೆ ಎಂಟು ಪ್ರಶ್ನೆ. ಗದ್ಯ ನಾನು ಬರೆದದ್ದಲ್ಲ. ಇಂಗ್ಲಿಷ್ ವಿಭಾಗದ ಮುಖ್ಯಸ್ಥೆ, ಇಡೀ ಶಾಲೆ 'ದೊಡ್ಡ ಮೇಡಂ' ಎಂದು ಕರೆಯುವವರು, ಹೋದ ವಾರ ಬೀರುವಿನಿಂದ ದಾರ ಕಟ್ಟಿದ ಒಂದು ಕಟ್ಟು ತೆಗೆದು ನನ್ನ ಮುಂದೆ ಹಾಕಿದ್ದರು.

"ಇದರಲ್ಲಿ ಯಾವುದಾದ್ರೂ ತಗೋಮ್ಮ. ಇಪ್ಪತ್ತು ವರ್ಷಕ್ಕಿಂತ ಹಳೇದು, ಈಗಿನ ಮಕ್ಕಳು ಕಂಡೇ ಇರಲ್ಲ. ಉತ್ತರನೂ ಹಿಂದುಗಡೆ ಇದೆ. ನಿನಗೆ ಕೆಲಸ ಕಡಿಮೆ."

ನಿನಗೆ ಕೆಲಸ ಕಡಿಮೆ ಎಂದು ಯಾರಾದರೂ ಹೇಳಿದರೆ ನನಗೆ ಬೇರೆ ಏನೋ ಹೆಚ್ಚಾಗಲಿದೆ ಅನ್ನಿಸುತ್ತದೆ.

ನಾನು ಆರಿಸಿದ್ದು ಒಂದು ಗಡಿಯಾರದ ಕತೆ. ಗಡಿಯಾರ ರಿಪೇರಿ ಮಾಡುವವನ ಮಗಳು, ಹದಿನಾಲ್ಕು ವರ್ಷದವಳು, ಅಪ್ಪ ಹೊರಗೆ ಹೋದಾಗ ಅಂಗಡಿಯಲ್ಲಿ ಕೂತಿದ್ದಾಳೆ. ಗಿರಾಕಿಯೊಬ್ಬರು ಬಂದು ತಮ್ಮ ಗಡಿಯಾರ ಕೇಳುತ್ತಾರೆ. ಅದು ರಿಪೇರಿಯಾಗಿ ಚೆನ್ನಾಗಿಯೇ ನಡೆಯುತ್ತಿದೆ. ಆದರೂ ಹುಡುಗಿ ಅದನ್ನು ಬಾಗಿಲ ಹಿಂದೆ ಬಚ್ಚಿಟ್ಟು, ಇನ್ನೂ ಆಗಿಲ್ಲ ಎನ್ನುತ್ತಾಳೆ. ಅಷ್ಟೇ ಕತೆ. ಒಂದು ಪುಟಕ್ಕೆ ಹಿಡಿಸಲಿಲ್ಲವೆಂದು ಮೊದಲ ಪ್ಯಾರಾ ಕತ್ತರಿಸಿದೆ. ಅದರಲ್ಲಿ ಬರೀ ವರ್ಣನೆ: ಗಡಿಯಾರದ ಬಣ್ಣ ಹಸಿರು, ಗಿರಾಕಿ ಹೆಂಗಸಿನ ತೋಳಿಗೆ ಹಿಟ್ಟು ಮೆತ್ತಿದೆ, ಇಂಥವು. ಕತೆಗೆ ಬೇಕಾದ್ದೇನೂ ಇರಲಿಲ್ಲ.

ಇನ್ನು ಮೇಲೆ ಈ ದಿನಚರಿಯ ಪುಟಗಳ ನಡುವೆ ಒಂದು ಬಿಳಿ ನೂಲು ಇಡುತ್ತೇನೆ. ನಾನಿರುವುದು ಚಿಕ್ಕಮ್ಮನ ಮನೆಯಲ್ಲಿ. ನಾನಿಲ್ಲದಾಗ ಅವಳು ಇದನ್ನು ಓದುತ್ತಾಳೋ ಇಲ್ಲವೋ ಗೊತ್ತಾಗಬೇಕು.

ಮಂಗಳವಾರ, ಫೆಬ್ರವರಿ 4

ನೂಲು ಇಟ್ಟಲ್ಲೇ ಇತ್ತು. ಅಥವಾ ಓದಿದ ಮೇಲೆ ಹಾಗೆಯೇ ಇಟ್ಟಿದ್ದಾಳೆ.

ಒಂಬತ್ತನೇ ತರಗತಿಗೆ ಇವತ್ತು ಸಾಹಿತ್ಯದ ಪರಿಭಾಷೆ. ಹೈಪರ್ಬೊಲಿ ಎಂಬ ಉತ್ಪ್ರೇಕ್ಷೆ, ಐರನಿ ಎಂಬ ವ್ಯಂಗ್ಯ, ಇನ್‌ಫರೆನ್ಸ್. ಬೋರ್ಡಿನ ಮೇಲೆ ಬರೆದು ಉದಾಹರಣೆ ಕೇಳಿದೆ. ಎಲ್ಲದಕ್ಕೂ ವಾದ ಮಾಡುತ್ತಾನೆಂದು ಮಕ್ಕಳೇ 'ವಕೀಲ' ಎಂದು ಹೆಸರಿಟ್ಟ ಹುಡುಗ ಎದ್ದು ನಿಂತ.

"ನಮ್ಮಮ್ಮ ದಿನಾ 'ಸಾವಿರ ಸಲ ಹೇಳಿದೀನಿ' ಅಂತಾರೆ ಮಿಸ್. ನಾನು ಒಂದಿನ ಎಣಿಸಿದೆ. ಒಂಬತ್ತು. ಅದು ಹೈಪರ್ಬೊಲಿ."

"ಸರಿ. ಐರನಿ?"

"ಹೆಡ್‌ಮಾಸ್ಟರು ಹೋದ ವಾರ ನನ್ನ ಕರೆದು 'ಬಾಪ್ಪಾ, ನಿನ್ನ ನೋಡಿ ಬಹಳ ಸಂತೋಷ ಆಯ್ತು' ಅಂದ್ರಲ್ಲ, ಅದು."

ತರಗತಿಯೆಲ್ಲ ನಕ್ಕಿತು. ನಾನೂ ನಕ್ಕೆ, ಬೋರ್ಡಿನ ಕಡೆ ತಿರುಗಿಕೊಂಡು. ಕಿಟಕಿ ಪಕ್ಕ ಕೂರುವ ಹುಡುಗಿ ಮಾತ್ರ ನಗಲಿಲ್ಲ. ಅವಳು ಯಾವಾಗಲೂ ನಗುವುದಕ್ಕೆ ಒಂದು ಕ್ಷಣ ಹಿಂದೆ ಬೀಳುತ್ತಾಳೆ, ಅಷ್ಟರಲ್ಲಿ ಎಲ್ಲರ ನಗು ಮುಗಿದಿರುತ್ತದೆ. ಶಾಲೆಯ ದಿನಗಳಲ್ಲಿ ನಾನೂ ಹಾಗೆಯೇ ಇದ್ದೆ. ಹಾಗಿರುವವರು ಒಳಗೆ ಏನು ಯೋಚಿಸುತ್ತಿರುತ್ತಾರೆಂದು ನನಗೆ ಗೊತ್ತು. ಅದಕ್ಕೇ ಅವಳ ಮೇಲೆ ಒಂದು ಕಣ್ಣು.

"ಇನ್‌ಫರೆನ್ಸ್ ಅಂದ್ರೆ ಊಹೆ ಅಲ್ವಾ ಮಿಸ್?" ಎಂದ ವಕೀಲ.

"ಬರೀ ಊಹೆ ಅಲ್ಲ. ಬರೆದಿರೋದನ್ನ ಹಿಡ್ಕೊಂಡು ಬರೆಯದೇ ಬಿಟ್ಟಿರೋದನ್ನ ತಿಳ್ಕೊಳ್ಳೋದು. ನೀವು ಏನೇ ಊಹಿಸಿ, ಪುಟದಲ್ಲಿ ಅದಕ್ಕೊಂದು ಸಾಕ್ಷಿ ತೋರಿಸ್ಬೇಕು. ಸಾಕ್ಷಿ ಇಲ್ಲದಿದ್ರೆ ಅದು ನಿಮ್ಮ ತಲೆಯೊಳಗಿನ ಕತೆ, ಬರೆದೋರದ್ದಲ್ಲ."

ಚೆನ್ನಾಗಿ ಹೇಳಿದೆ ಅನ್ನಿಸಿತು. ಯಾರೋ ಬಾಗಿಲ ಆಚೆ ನಿಂತು ಕೇಳಿಸಿಕೊಂಡ ಹಾಗೂ ಅನ್ನಿಸಿತು. ಕಾರಿಡಾರಿನಲ್ಲಿ ದೊಡ್ಡ ಮೇಡಂ ಚಪ್ಪಲಿಯ ಸದ್ದು. ತಿಂಗಳ ಕೊನೆಗೆ ನನ್ನ ಕೆಲಸ ಖಾಯಂ ಮಾಡುವ ಪತ್ರಕ್ಕೆ ಸಹಿ ಹಾಕಬೇಕಾದವರು ಅವರೇ.

ಮನೆಗೆ ಬಂದಾಗ ಚಿಕ್ಕಮ್ಮ ಬಾಗಿಲಲ್ಲೇ, "ತೋಳಿಗೇನೇ ಅದು ಹಿಟ್ಟು? ಪಾಠ ಮಾಡೋಕೆ ಕರೆದು ಅಡುಗೆಮನೆಗೆ ಹಾಕಿದ್ರಾ?" ಅಂದಳು. ಸೀಮೆಸುಣ್ಣ. ಕೊಡವಿಕೊಂಡೆ.

ಬುಧವಾರ, ಫೆಬ್ರವರಿ 5

ನಲವತ್ತೊಂದು ಉತ್ತರಪತ್ರಿಕೆ. ದೊಡ್ಡ ಮೇಡಂ ಅವರ ಹಳೆಯ ಉತ್ತರಸೂಚಿ ಪಕ್ಕದಲ್ಲಿಟ್ಟುಕೊಂಡು ತಿದ್ದುತ್ತಿದ್ದೆ. ಆರನೇ ಪ್ರಶ್ನೆ: ಗಡಿಯಾರ ಆಗಿಲ್ಲ ಎಂದು ಹುಡುಗಿ ಏಕೆ ಹೇಳಿದಳು? ಸೂಚಿಯಲ್ಲಿರುವ ಉತ್ತರ: ಆ ಗಡಿಯಾರದ ಟಿಕ್ ಟಿಕ್ ಸದ್ದು ಅವಳಿಗೆ ಇಷ್ಟವಾಗಿತ್ತು. ಹೆಚ್ಚಿನ ಮಕ್ಕಳು ಅದನ್ನೇ ಬರೆದಿದ್ದಾರೆ. ಕೋಣೆಯ ತುಂಬ ಅದರ ಸದ್ದಿತ್ತು ಎಂಬ ಒಂದು ಸಾಲು ಗದ್ಯದಲ್ಲಿದೆ.

ಕಿಟಕಿ ಪಕ್ಕದ ಹುಡುಗಿ ಬರೆದದ್ದು ಬೇರೆ. "ಏಕೆಂದರೆ ಆ ಹಸಿರು ಗಡಿಯಾರ ಅಂಗಡಿಯಲ್ಲಿದ್ದ ಕೊನೆಯ ಗಡಿಯಾರ. ಅದೂ ಹೋದರೆ ಮರುದಿನದಿಂದ ಅಪ್ಪ ಅಂಗಡಿ ತೆರೆಯುವುದಿಲ್ಲ."

ಹಸಿರು.

ನಾನು ಮಕ್ಕಳಿಗೆ ಕೊಟ್ಟ ಹಾಳೆಯಲ್ಲಿ ಹಸಿರು ಎಂಬ ಮಾತೇ ಇಲ್ಲ. ಮತ್ತೆ ಮೂರು ಸಲ ಓದಿದೆ, ಇಲ್ಲ. ಅದು ಇದ್ದದ್ದು ನಾನು ಕತ್ತರಿಸಿದ ಪ್ಯಾರಾದಲ್ಲಿ. ಆ ಪ್ಯಾರಾ ಇರುವುದು ಮೂಲ ಹಾಳೆಯಲ್ಲಿ. ಮೂಲ ಹಾಳೆ ಇದ್ದದ್ದು ನನ್ನ ಡ್ರಾಯರಿನಲ್ಲಿ. ಡ್ರಾಯರು ಅರ್ಧ ಬೆರಳು ತೆರೆದಿತ್ತು.

ಇದಕ್ಕಿಂತ ಒಳ್ಳೆಯ ಇನ್‌ಫರೆನ್ಸ್ ಯಾವ ಪಠ್ಯಪುಸ್ತಕದಲ್ಲೂ ಸಿಗಲಾರದು.

ಯಾರಿಗೆ ಹೇಳಲಿ? ಹೇಳಿದರೆ, ಪ್ರಶ್ನೆಪತ್ರಿಕೆ ಕಾಯಲಾಗದ ಟೀಚರ್ ಎನ್ನುತ್ತಾರೆ. ಹೇಳದೆ ಆಮೇಲೆ ಗೊತ್ತಾದರೆ, ಮುಚ್ಚಿಟ್ಟವಳು ಎನ್ನುತ್ತಾರೆ. ಅಥವಾ ಇದು ನನಗೇ ಇಟ್ಟ ಪರೀಕ್ಷೆಯೋ? ಆ ಕಟ್ಟು ಕೊಟ್ಟವರು ಯಾರು? ದೊಡ್ಡ ಮೇಡಂ. ಅವರು ಯಾಕೆ ಅಷ್ಟು ಧಾರಾಳವಾಗಿ ಕೊಟ್ಟರು?

ಗುರುವಾರ, ಫೆಬ್ರವರಿ 6

ಹೇಳಿದೆ. ಧೈರ್ಯದಿಂದಲ್ಲ, ಹೆದರಿಕೆಯಿಂದ.

ದೊಡ್ಡ ಮೇಡಂ ಉತ್ತರ ಓದಿ ಕನ್ನಡಕ ತೆಗೆದರು. "ಹಸಿರಾ?" ಅಂದರು. ಆ ಪದವನ್ನು ಅವರು ಹೇಳಿದ ರೀತಿ ನನಗೆ ಸರಿಕಾಣಲಿಲ್ಲ. ಕಳ್ಳತನದ ಮಾತಾಡುವವರ ಧ್ವನಿಯಲ್ಲ ಅದು, ಎಲ್ಲೋ ಇಟ್ಟು ಮರೆತ ವಸ್ತುವಿನ ಹೆಸರು ಕೇಳಿದವರ ಧ್ವನಿ. ಮರುಕ್ಷಣ ಕನ್ನಡಕ ಹಾಕಿಕೊಂಡರು. ಮುಖ ಎಂದಿನಂತಾಯಿತು.

"ಕರಿ ಅವಳನ್ನ."

ಹುಡುಗಿ ಬಂದು ಮೇಜಿನ ಮುಂದೆ ನಿಂತಳು.

"ಈ ಹಾಳೆ ನಿನಗೆ ಯಾರು ತೋರಿಸಿದ್ರು?"

"ಯಾರೂ ಇಲ್ಲ ಮೇಡಂ."

"ಮತ್ತೆ ಹಸಿರು ಅಂತ ಹೇಗೆ ಗೊತ್ತಾಯ್ತು? ಕನಸು ಬಿತ್ತಾ?"

ಹುಡುಗಿ ನನ್ನ ಕಡೆ ನೋಡಿದಳು, ದೊಡ್ಡ ಮೇಡಂ ಕಡೆ ನೋಡಿದಳು, ಆಮೇಲೆ ನೆಲ. ಬಾಯಿ ತೆರೆದು ಮುಚ್ಚಿದಳು.

"ಕೇಳಿದ್ದಕ್ಕೆ ಉತ್ತರ ಇಲ್ಲ. ಇದೂ ಒಂದು ಉತ್ತರವೇ," ಎಂದರು ದೊಡ್ಡ ಮೇಡಂ. "ಹೋಗು."

ಮುಂದಿನ ಶುಕ್ರವಾರ ಬೆಳಿಗ್ಗೆ ಒಂಬತ್ತಕ್ಕೆ ಹೆಡ್‌ಮಾಸ್ಟರ ಕೋಣೆಯಲ್ಲಿ ವಿಚಾರಣೆ. ವರದಿ ನಾನು ಬರೆಯಬೇಕು. ನಕಲು ಎಂದು ತೀರ್ಮಾನವಾದರೆ ಅವಳನ್ನು ವಾರ್ಷಿಕ ಪರೀಕ್ಷೆಗೆ ಕೂರಿಸುವುದಿಲ್ಲ. ಒಂದು ವರ್ಷ ಹೋಗುತ್ತದೆ. "ಇಂಥದ್ರಲ್ಲಿ ಕೈ ನಡುಗಬಾರದಮ್ಮ," ಎಂದರು ನನಗೆ. "ನಿನ್ನ ವರದಿ ಬರಲಿ, ಆಮೇಲೆ ನಿನ್ನ ಪತ್ರ ನೋಡೋಣ."

ಶುಕ್ರವಾರ, ಫೆಬ್ರವರಿ 7

ವರದಿಯ ಒಂದು ಸಾಲು ಬರೆದೆ. "ವಿದ್ಯಾರ್ಥಿನಿಯು ಮೂಲ ಹಾಳೆಯನ್ನು ಮುಂಚಿತವಾಗಿ ನೋಡಿರುವ ಬಲವಾದ ಶಂಕೆಯಿದೆ." ಸಾಲು ಚೆನ್ನಾಗಿದೆ. ಹೊಡೆದುಹಾಕಿದೆ. ಮತ್ತೆ ಬರೆದೆ.

ನೂಲು ಸ್ವಲ್ಪ ಸರಿದ ಹಾಗಿದೆ. ಫ್ಯಾನ್ ಇರಬಹುದು. ಫ್ಯಾನ್ ಆರಿಸಿಯೇ ಹೋಗಿದ್ದೆ.

ಸೋಮವಾರ, ಫೆಬ್ರವರಿ 10

ಗಂಟೆ ಬಾರಿಸುವವರ ಮೇಲೂ ಎರಡು ದಿನದಿಂದ ಅನುಮಾನವಿತ್ತು. ಮಕ್ಕಳು ಅವರನ್ನು ಗಂಟೆಯಣ್ಣ ಎನ್ನುತ್ತಾರೆ. ಸ್ಟಾಫ್ ರೂಮಿನ ಬೀಗದ ಕೈ ಅವರ ಹತ್ತಿರವೇ ಇರುವುದು. ಬೇಗ ಬಂದು ಬಾಗಿಲ ಪಕ್ಕ ನಿಂತಿದ್ದೆ. ಅವರು ಬಂದರು, ಗುಡಿಸಿದರು, ದೊಡ್ಡ ಬೀರುವಿನಿಂದ ಹಾಜರಿ ಪುಸ್ತಕಗಳನ್ನು ತೆಗೆದು ಬಾಗಿಲನ್ನು ಭುಜದಿಂದ ಧಡ್ ಎಂದು ಮುಚ್ಚಿದರು. ನನ್ನ ಡ್ರಾಯರು ತಾನಾಗಿಯೇ ಅರ್ಧ ಬೆರಳು ಈಚೆ ಬಂತು.

ನಾನು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದೆ.

"ಅದು ಹಾಗೇ ಮೇಡಂ," ಎಂದರು ಅವರು. "ಬೀರು ಬಾಗಿಲು ಹಾಕಿದ್ರೆ ಅದು ನಾಲಿಗೆ ಚಾಚುತ್ತೆ. ನಿಮಗಿಂತ ಮುಂಚೆ ಇದ್ದೋರು ಕಾಗದ ಮಡಚಿ ಸಿಗಿಸ್ತಿದ್ರು. ನಿಮಗ್ಯಾರೂ ಹೇಳಿಲ್ವಾ?"

ಯಾರೂ ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ಆದರೂ ಹಸಿರು ಹಸಿರೇ. ಡ್ರಾಯರು ನಾಲಿಗೆ ಚಾಚಿದ್ದರಿಂದ ಅವಳಿಗೆ ಬಣ್ಣ ಗೊತ್ತಾಗಿಬಿಡುವುದಿಲ್ಲ.

ಮಂಗಳವಾರ, ಫೆಬ್ರವರಿ 11

ಉತ್ತರಪತ್ರಿಕೆಗಳನ್ನು ಹಂಚಿದೆ. ಒಂದನ್ನು ಬಿಟ್ಟು. ಕಿಟಕಿ ಪಕ್ಕದ ಹುಡುಗಿ ಖಾಲಿ ಡೆಸ್ಕಿನ ಮೇಲೆ ಎರಡೂ ಕೈ ಇಟ್ಟುಕೊಂಡು ಕೂತಿದ್ದಳು. ಮಕ್ಕಳಿಗೆಲ್ಲ ವಿಷಯ ಗೊತ್ತಾಗಿದೆ. ಅವಳ ಬೆಂಚಿನ ಇನ್ನೊಬ್ಬಳು ಒಂದು ಗೇಣು ದೂರ ಸರಿದು ಕೂತಿದ್ದಳು.

ವಕೀಲ ಎದ್ದು ನಿಂತ. ಆರನೇ ಪ್ರಶ್ನೆಗೆ ಅವನಿಗೆ ಪೂರ್ತಿ ಅಂಕ ಬಂದಿತ್ತು, ಆದರೂ ತಕರಾರು.

"ಮಿಸ್, ನಾನು ಸದ್ದು ಇಷ್ಟ ಅಂತ ಬರೆದೆ. ಆದ್ರೆ ಈಗ ಓದಿದ್ರೆ ನನಗೇ ನಂಬಿಕೆ ಬರ್ತಿಲ್ಲ. ಎರಡನೇ ಪ್ಯಾರಾ ನೋಡಿ. 'ಗೋಡೆಯ ತುಂಬ ಮೊಳೆಗಳು' ಅಂತ ಇದೆ. ಗೋಡೆಯ ತುಂಬ ಗಡಿಯಾರ ಅಂತ ಇಲ್ಲ."

"ಅದಕ್ಕೆ?"

"ಗಡಿಯಾರದ ಅಂಗಡೀಲಿ ಮೊಳೆ ಕಾಣಿಸ್ತಾ ಇದೆ ಅಂದ್ರೆ ಅದಕ್ಕೆ ಏನೂ ನೇತುಹಾಕಿಲ್ಲ ಅಂತ ಅಲ್ವಾ? ಎಲ್ಲಾ ಖಾಲಿ. ಅಂದ್ರೆ ಆ ಗಡಿಯಾರ ಒಂದೇ ಉಳಿದಿದ್ದು. ಪುಟದಲ್ಲೇ ಇದೆ ಸಾಕ್ಷಿ."

ನಾನು ಆ ಗದ್ಯವನ್ನು ಎಷ್ಟು ಸಲ ಓದಿದ್ದೇನೆ! ಆಯ್ದುಕೊಂಡಾಗ, ಕತ್ತರಿಸಿದಾಗ, ನಲವತ್ತೊಂದು ಉತ್ತರ ತಿದ್ದುವಾಗ. ಮೊಳೆಗಳನ್ನು ಓದಿದ್ದೇನೆ, ನೋಡಿಲ್ಲ. ನನ್ನ ಕೈಯಲ್ಲಿ ಸೂಚಿ ಇತ್ತು. ಉತ್ತರ ಕೈಯಲ್ಲಿರುವವರು ಗೋಡೆಯ ಕಡೆ ಯಾಕೆ ನೋಡುತ್ತಾರೆ?

"ಕೂತ್ಕೋ," ಅಂದೆ.

ಕಿಟಕಿ ಪಕ್ಕದ ಹುಡುಗಿ ಮೊದಲ ಸಲ ತಲೆಯೆತ್ತಿ ನನ್ನನ್ನೇ ನೋಡುತ್ತಿದ್ದಳು.

ಬುಧವಾರ, ಫೆಬ್ರವರಿ 12

ಇವತ್ತು ನಾನು ಒಂದು ನಾಚಿಕೆಗೇಡಿನ ಕೆಲಸ ಮಾಡಿದೆ. ಶಾಲೆ ಬಿಟ್ಟ ಮೇಲೆ ಅವಳ ಹಿಂದೆ ಹೋದೆ.

ಕೊನೆಯ ಗಡಿಯಾರ ಎಂಬುದು ಪುಟದಲ್ಲಿದೆ, ಒಪ್ಪಿದೆ. ಹಸಿರು ಇಲ್ಲ. ಅದೊಂದು ಗೊತ್ತಾಗದೆ ಶುಕ್ರವಾರದ ವರದಿ ಹೇಗೆ ಬರೆಯಲಿ? ಅವಳು ಎಲ್ಲಿ ಹೋಗುತ್ತಾಳೆ, ಯಾರನ್ನು ನೋಡುತ್ತಾಳೆ, ತಿಳಿಯಬೇಕಿತ್ತು. ಮೂವತ್ತು ಹೆಜ್ಜೆ ಹಿಂದೆ ನಡೆದೆ. ಅವಳು ಅಂಚೆ ಕಚೇರಿ ದಾಟಿದಳು, ಬಸ್ ನಿಲ್ದಾಣದ ಹಿಂದಿನ ಓಣಿಗೆ ತಿರುಗಿದಳು, ಚಪ್ಪಲಿ ಅಂಗಡಿಗೂ ಔಷಧಿ ಅಂಗಡಿಗೂ ನಡುವೆ ಬಾಗಿಲಷ್ಟೇ ಅಗಲದ ಒಂದು ಗೂಡಿಗೆ ನುಗ್ಗಿದಳು. ಗಾಜಿನ ಪೆಟ್ಟಿಗೆ, ಅದರ ಹಿಂದೆ ಒಂದು ಕಣ್ಣಿಗೆ ಭೂತಗನ್ನಡಿ ಸಿಗಿಸಿಕೊಂಡು ಕೈಗಡಿಯಾರಕ್ಕೆ ಸೆಲ್ ಹಾಕುತ್ತಿರುವ ಹೆಂಗಸು. ಮೇಲೆ ಗೋಡೆಯಲ್ಲಿ ಒಂದು ಹಸಿರು ಗಡಿಯಾರ.

ನಾನು ಎದುರಿನ ದೀಪದ ಕಂಬದ ಹಿಂದೆ ನಿಂತಿದ್ದೆ. ಕಂಬ ನನಗಿಂತ ತೆಳ್ಳಗಿದೆ ಎಂಬುದು ಆಮೇಲೆ ಹೊಳೆಯಿತು.

"ಕಂಬದ ಹಿಂದೆ ನಿಂತಿರೋರು ಯಾರೇ ಅದು?" ಎಂದಳು ಆಕೆ, ತಲೆ ಎತ್ತದೆಯೇ. "ಆಗಿಂದ ನಮ್ಮ ಕಡೆನೇ ನೋಡ್ತಿದಾರೆ."

ಹುಡುಗಿ ತಿರುಗಿ ನೋಡಿದಳು. "ಅಯ್ಯೋ! ನಮ್ಮ ಚಿಕ್ಕ ಮಿಸ್ಸು!"

"ಹಾಗಾದ್ರೆ ಕಂಬಕ್ಕೆ ಯಾಕೆ ಪಾಠ ಹೇಳ್ತಿದಾರೆ? ಕರಿ ಒಳಗೆ."

ಒಳಗೆ ಹೋದೆ. ಹೋಗದೆ ಏನು ಮಾಡಲಿ? ಹುಡುಗಿ ಕೂರುವ ಸ್ಟೂಲನ್ನು ನನಗೆ ಕೊಟ್ಟು ತಾನು ಗೋಡೆಗೆ ಒರಗಿ ನಿಂತಳು. ನನ್ನ ನೆತ್ತಿಯ ಮೇಲೇ ಆ ಗಡಿಯಾರದ ಸದ್ದು.

"ಅದನ್ನ ನೋಡೋಕೆ ತಾನೇ ಬಂದಿದ್ದು?" ಎಂದಳು ತಾಯಿ. ಭೂತಗನ್ನಡಿ ತೆಗೆದು ನನ್ನ ಮುಖ ನೋಡಿದಳು. ಕಳ್ಳಿಯ ಮುಖ ಅವಳದೋ ನನ್ನದೋ ಹೇಳುವುದು ಕಷ್ಟವಿತ್ತು. "ಇವಳು ಒಂದು ವಾರದಿಂದ ಸರಿಯಾಗಿ ಊಟ ಮಾಡ್ತಿಲ್ಲ. ಕೇಳಿದ್ರೆ ಏನಿಲ್ಲ ಅಂತಾಳೆ. ನಿನ್ನೆ ಬಾಯಿ ಬಿಡಿಸಿದೆ. ಮಿಸ್, ಆ ಪಾಠ ಬರೆದಿದ್ದು ನಾನು."

ನನಗೆ ಅರ್ಥವಾಗಲಿಲ್ಲ.

"ಇದೇ ಶಾಲೆ, ಇದೇ ಒಂಬತ್ತನೇ ಕ್ಲಾಸು. ಇಪ್ಪತ್ತೆರಡು ವರ್ಷ ಆಯ್ತು. ನಮ್ಮಪ್ಪನ ಅಂಗಡಿ ಆಗ ದೊಡ್ಡ ಬೀದೀಲಿತ್ತು. ಗೋಡೆ ಗಡಿಯಾರ ರಿಪೇರಿಗೆ ತರೋರೇ ಕಮ್ಮಿ ಆಗಿಬಿಟ್ಟಿದ್ರು. ಅಪ್ಪ ಒಂದು ಮಾತು ಹೇಳಿದ್ರು: ಗೋಡೇಲಿ ಒಂದೂ ಗಡಿಯಾರ ಇಲ್ಲದ ದಿನ ನಾನು ಬಾಗಿಲು ತೆಗೆಯಲ್ಲ ಅಂತ. ತಮಾಷೆಗೆ ಹೇಳ್ತಾರೇನೋ ಅಂದ್ಕೊಂಡಿದ್ದೆ. ಒಂದೊಂದೇ ಗಡಿಯಾರ ಹೋಗ್ತಾ ಹೋಗ್ತಾ ಅವರ ಮಾತೂ ಕಮ್ಮಿ ಆಯ್ತು. ಕೊನೆಗೆ ಉಳಿದಿದ್ದು ಇದು."

"ಗಿರಾಕಿ ಬಂದ್ರು," ಅಂದೆ ನಾನು.

"ಬಂದ್ರು. ಮೂರು ಸಲ. ಮೂರು ಸಲನೂ ಬಾಗಿಲ ಹಿಂದೆ ಬಚ್ಚಿಟ್ಟು ಆಗಿಲ್ಲ ಅಂದೆ. ಆಗಿಲ್ಲ ಅಂತ ನಾನು ಹೇಳ್ತಿದೀನಿ, ಬಾಗಿಲ ಹಿಂದಿಂದ ಅದು ಟಿಕ್ ಟಿಕ್ ಅಂತಿದೆ! ಅವರಿಗೆ ಕೇಳಿಸ್ಲಿಲ್ವೋ, ಕೇಳಿಸಿಯೂ ಸುಮ್ನಿದ್ರೋ ನಾ ಕಾಣೆ. ನಾಲ್ಕನೇ ಸಲ ಬರಲೇ ಇಲ್ಲ. ಅವರನ್ನ ಮಾತ್ರ ದಿನಾ ನೋಡ್ಬೇಕಿತ್ತು."

"ದಿನಾ ಯಾಕೆ?"

ಆಕೆ ಮಗಳ ಕಡೆ ನೋಡಿದಳು. ಮಗಳು ನೆಲ ನೋಡಿದಳು, ಅವತ್ತು ಮೇಜಿನ ಮುಂದೆ ನಿಂತು ನೋಡಿದ ಹಾಗೆಯೇ.

"ನಿಮ್ಮ ದೊಡ್ಡ ಮೇಡಂ," ಎಂದಳು ತಾಯಿ. "ಆಗ ನಮ್ಮ ಕ್ಲಾಸ್ ಟೀಚರ್ ಅವರು. ಅವರದ್ದೇ ಈ ಗಡಿಯಾರ."

ಹೊರಗೆ ಯಾವುದೋ ಬಸ್ಸು ಹಿಂದೆ ಸರಿಯುತ್ತ ಪೀ ಪೀ ಎನ್ನುತ್ತಿತ್ತು.

"ಬಾಯಲ್ಲಿ ಹೇಳೋಕೆ ನನ್ನ ಕೈಲಿ ಆಗಲಿಲ್ಲ ಮಿಸ್. ಮರೆಯಲಾಗದ ದಿನ ಅಂತ ಪ್ರಬಂಧ ಕೊಟ್ಟಿದ್ರು. ಇಂಗ್ಲಿಷಲ್ಲಿ ಬರೆದರೆ ಮುಖ ನೋಡಿ ಹೇಳೋದು ತಪ್ಪುತ್ತೆ ಅಂತ ಎಲ್ಲ ಬರೆದೆ. ಗಡಿಯಾರದ ಬಣ್ಣ, ಅವರು ಬಂದಿದ್ದು, ನಾನು ಸುಳ್ಳು ಹೇಳಿದ್ದು. ಯಾಕೆ ಹೇಳಿದೆ ಅನ್ನೋದೊಂದು ಬಿಟ್ಟು. ಓದಿ ಕರೀತಾರೆ, ಬೈತಾರೆ, ಆಮೇಲೆ ಎಲ್ಲ ಸರಿಹೋಗುತ್ತೆ ಅಂತ ಕಾಯ್ತಾ ಕೂತೆ. ಪುಸ್ತಕ ವಾಪಸ್ ಬಂತು. ಕೆಂಪು ಇಂಕಲ್ಲಿ ಹದಿನೇಳು ತಪ್ಪು ತಿದ್ದಿದ್ರು. ಕೊನೇಲಿ ಏನು ಬರೆದಿದ್ರು ಗೊತ್ತಾ? 'ಕಲ್ಪನೆ ಚೆನ್ನಾಗಿದೆ.'"

ಆಕೆ ನಗಲು ಶುರುಮಾಡಿದಳು. ಮಗಳೂ ನಕ್ಕಳು. ಈ ಸಲ ಹಿಂದೆ ಬೀಳಲಿಲ್ಲ.

"ಇನ್ನೂ ಕೇಳಿ. ಮುಂದಿನ ತಿಂಗಳು ಅದನ್ನೇ ಟೈಪ್ ಮಾಡಿ, ತಪ್ಪೆಲ್ಲ ತೆಗೆದು, ಪರೀಕ್ಷೆಗೆ ಕೊಟ್ರು! ಹುಡುಗಿ ಯಾಕೆ ಸುಳ್ಳು ಹೇಳಿದಳು ಅಂತ ಪ್ರಶ್ನೆ. ಇನ್ನೊಂದು ಅವಕಾಶ ಸಿಕ್ತು ಅಂತ ನಿಜ ಬರೆದೆ, ಕೊನೇ ಗಡಿಯಾರ ಅಂತ. 'ಗದ್ಯದಲ್ಲಿ ಇಲ್ಲ' ಅಂತ ಬರೆದು ಸೊನ್ನೆ ಹಾಕಿದ್ರು. ನಾನೇ ಬರೆದಿದ್ದು, ನಾನೇ ಓದಿದ್ದು, ನನಗೇ ಸೊನ್ನೆ!"

ಔಷಧಿ ಅಂಗಡಿಯ ಗಿರಾಕಿಯೊಬ್ಬ ಬಗ್ಗಿ ನೋಡಿ ಹೋದ. ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಆ ಒಂದು ಗಡಿಯಾರದ ನೆಪದಲ್ಲಿ ಅಪ್ಪ ಇನ್ನೂ ಏಳು ತಿಂಗಳು ಬಾಗಿಲು ತೆಗೆದರಂತೆ. ಅಷ್ಟರಲ್ಲಿ ಕೈಗಡಿಯಾರಕ್ಕೆ ಸೆಲ್ ಹಾಕುವ ಕೆಲಸ ಬಂತು, ಅಂಗಡಿ ಚಿಕ್ಕದಾಯಿತು, ಮುಚ್ಚಲಿಲ್ಲ. "ಕೊಡೋಣ ಕೊಡೋಣ ಅಂತ ಒಂದು ವರ್ಷ ಆಯ್ತು. ಒಂದು ವರ್ಷ ಆದ್ಮೇಲೆ ಹೇಗೆ ಕೊಡೋದು ಅಂತ ಇಪ್ಪತ್ತೊಂದು ವರ್ಷ ಆಯ್ತು. ವಾರಕ್ಕೊಂದು ಸಲ ಕೀ ಕೊಡ್ತೀನಿ. ಒಂದು ದಿನಾನೂ ನಿಂತಿಲ್ಲ."

ನಾನು ಹುಡುಗಿಯನ್ನು ಕೇಳಿದೆ, "ಅವತ್ತು ನನಗಾದ್ರೂ ಹೇಳಬಹುದಿತ್ತಲ್ಲ?"

"ದೊಡ್ಡ ಮೇಡಂ ಅಲ್ಲೇ ಕೂತಿದ್ರಲ್ಲ ಮಿಸ್. ಅವರೆದುರಿಗೆ ನಮ್ಮಮ್ಮ ನಿಮ್ಮ ಗಡಿಯಾರ ಇಟ್ಕೊಂಡಿದಾರೆ ಅಂತ ಹೇಗೆ ಹೇಳ್ಲಿ?"

"ಮತ್ತೆ ಹಸಿರು ಅಂತ ಯಾಕೆ ಬರೆದೆ?"

"ಗೊತ್ತಾಗಲಿಲ್ಲ ಮಿಸ್. ಚಿಕ್ಕವಳಿದ್ದಾಗಿಂದ ಅಮ್ಮ ಹೇಳ್ತಿದ್ದ ಕತೆ. ಪರೀಕ್ಷೇಲಿ ಓದ್ತಾ ಇದ್ರೆ ಅಮ್ಮನ ಧ್ವನೀಲೇ ಕೇಳಿಸ್ತು. ಹಸಿರು ಅನ್ನೋದು ಅಲ್ಲಿಲ್ಲ ಅಂತಾನೇ ಗೊತ್ತಾಗಲಿಲ್ಲ."

ಹೊರಡುವಾಗ ತಾಯಿಯನ್ನು ಕೇಳಿದೆ. ಶುಕ್ರವಾರ ಇದನ್ನೆಲ್ಲ ಹೇಳದೆ ಬೇರೆ ದಾರಿ ಕಾಣುತ್ತಿಲ್ಲ, ನೀವು ಒಪ್ಪುತ್ತೀರಾ ಎಂದು. ಆಕೆ ಬಹಳ ಹೊತ್ತು ಒಂದು ಸಣ್ಣ ತಿರುಪನ್ನು ಇಕ್ಕಳದಲ್ಲಿ ಹಿಡಿದು ತಿರುಗಿಸುತ್ತಿದ್ದಳು.

"ನಾನು ಹೊಸದಾಗಿ ಹೇಳೋದೇನಿದೆ ಮಿಸ್? ಆವತ್ತೇ ಬರೆದು ಕೊಟ್ಟಿದೀನಲ್ಲ. ಅವರು ಓದಲಿ. ಓದಿ ಕರೆದ್ರೆ, ಗಡಿಯಾರ ತಗೊಂಡು ನಾನೇ ಬರ್ತೀನಿ."

ಮನೆಗೆ ಬಂದು ಚಿಕ್ಕಮ್ಮನಿಗೆ ಎಲ್ಲವನ್ನೂ ಹೇಳಿದೆ. ಕಂಬದ ವಿಷಯಕ್ಕೆ ಬಂದಾಗ ಅವಳು ನಕ್ಕು ನಕ್ಕು ಕುರ್ಚಿಯಿಂದ ಬೀಳುವುದೊಂದು ಬಾಕಿ.

ಗುರುವಾರ, ಫೆಬ್ರವರಿ 13

ಮೂಲ ಹಾಳೆ ತೆಗೆದು ಮೊದಲ ಪ್ಯಾರಾವನ್ನು ಮತ್ತೆ ಓದಿದೆ. ತೋಳಿಗೆ ಹಿಟ್ಟು ಎಂದು ನಾನು ಬರೆದಿಟ್ಟಿದ್ದೇನಲ್ಲ, ಅಲ್ಲಿ ಹಿಟ್ಟು ಎಂದಿಲ್ಲ. 'ಆಕೆಯ ಬಲತೋಳಿನ ಅಂಚಿನಲ್ಲಿ ಬಿಳಿ ಪುಡಿ' ಎಂದಿದೆ. ಹಿಟ್ಟು ನನ್ನ ತಲೆಯೊಳಗಿನದು. ಹದಿನಾಲ್ಕು ವರ್ಷದ ಹುಡುಗಿ ಹೆಸರು ಹೇಳಲು ಧೈರ್ಯ ಸಾಲದೆ, ಇಷ್ಟು ಹೇಳಿದರೆ ಗೊತ್ತು ಮಾಡಿಕೊಂಡಾರು ಎಂದು ಸೀಮೆಸುಣ್ಣ ಇಟ್ಟಿದ್ದಳು. ಒಬ್ಬರು ಅದರ ಕಾಗುಣಿತ ತಿದ್ದಿ ಟೈಪ್ ಮಾಡಿದರು. ಇನ್ನೊಬ್ಬಳು, ಸಾಹಿತ್ಯದಲ್ಲಿ ಪದವಿ ಪಡೆದವಳು, ಬರೀ ವರ್ಣನೆ ಎಂದು ಕತ್ತರಿಸಿದಳು.

ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ನಾವಿಬ್ಬರೇ ಇದ್ದಾಗ ದೊಡ್ಡ ಮೇಡಂ ಅವರನ್ನು ಕೇಳಿದೆ.

"ಮೇಡಂ, ಆ ಗಡಿಯಾರದ ಗದ್ಯ ಬರೆದೋರು ಯಾರು?"

"ಯಾರೋ ಒಬ್ಬಳು ಹುಡುಗಿ. ಹೆಸರು ನೆನಪಿಲ್ಲ." ಅವರು ತಿದ್ದುತ್ತಿದ್ದ ಪುಸ್ತಕದಿಂದ ತಲೆ ಎತ್ತಲಿಲ್ಲ. "ತಪ್ಪು ಬಹಳ ಮಾಡ್ತಿದ್ಲು. ಕಲ್ಪನೆ ಚೆನ್ನಾಗಿತ್ತು."

ಕೆಂಪು ಪೆನ್ನು ಒಂದು ಕ್ಷಣ ನಿಂತಿತು. ಗೋಡೆಯ ಕಡೆ ನೋಡಿದರು. ಅಲ್ಲಿ ಏನೂ ಇರಲಿಲ್ಲ.

"ಯಾಕೆ ಕೇಳ್ದೆ?"

"ಸುಮ್ನೆ ಮೇಡಂ."

"ವರದಿ ಆಯ್ತಾ? ನಿನ್ನ ಪತ್ರ ನನ್ನ ಫೈಲಲ್ಲೇ ಇದೆ. ನಾಳೆ ಇದೊಂದು ಮುಗಿದ್ರೆ ಸಹಿ ಹಾಕ್ತೀನಿ."

ಒಂದು ವಾರದ ಹಿಂದೆ ಆಗಿದ್ದರೆ ಈ ಮಾತಿನಲ್ಲಿ ಬೆದರಿಕೆ ಹುಡುಕುತ್ತಿದ್ದೆ. ಇವತ್ತು ಅವರ ತೋಳಿನ ಅಂಚು ಕಾಣಿಸಿತು. ಅಲ್ಲಿ ಬಿಳಿ ಪುಡಿ ಇತ್ತು, ನನ್ನ ತೋಳಿನಲ್ಲಿ ಇರುವಂಥದ್ದೇ.

ಸಂಜೆ ನಾಳೆಗೆಂದು ಒಳ್ಳೆಯ ರವಿಕೆ ತೆಗೆದರೆ ತೋಳಿನ ಗುಂಡಿ ಕಿತ್ತುಹೋಗಿತ್ತು. ಚಿಕ್ಕಮ್ಮ ಸೂಜಿ ಹಿಡಿದು ಬಿಳಿ ನೂಲಿಗೆ ಮನೆಯೆಲ್ಲ ಹುಡುಕುತ್ತಿದ್ದಳು. ಈ ದಿನಚರಿಯಲ್ಲಿ ಒಂದಿತ್ತು, ತೆಗೆದು ಕೊಟ್ಟೆ. ಗಟ್ಟಿಯಾಗಿ ಹೊಲಿದುಕೊಟ್ಟಿದ್ದಾಳೆ.

ವರದಿಯ ಶಂಕೆಯ ಸಾಲನ್ನು ಹೊಡೆದುಹಾಕಿ ಹೊಸದಾಗಿ ಬರೆದೆ. ಎರಡೇ ಸಾಲು. ವಿದ್ಯಾರ್ಥಿನಿ ನಕಲು ಮಾಡಿಲ್ಲ, ತಪ್ಪಿರುವುದು ಉತ್ತರಸೂಚಿಯಲ್ಲಿ. ಅವಳ ಉತ್ತರಪತ್ರಿಕೆಯಲ್ಲಿ ಆರನೇ ಪ್ರಶ್ನೆಗೆ ಪೂರ್ತಿ ಅಂಕ ಹಾಕಿ ಪಕ್ಕದಲ್ಲಿ ನನ್ನ ಸಹಿ ಮಾಡಿದೆ. ನನ್ನ ಪತ್ರಕ್ಕೆ ನಾಳೆ ಸಹಿ ಬೀಳುತ್ತದೋ ಇಲ್ಲವೋ, ಅದು ಅವರ ಪೆನ್ನಿಗೆ ಬಿಟ್ಟದ್ದು.

ಕೆಲಸಕ್ಕೆ ಸೇರಿದ ಮೇಲೆ ಅವರೆದುರು ನಾನು ಎರಡು ಮಾತಿಗಿಂತ ಹೆಚ್ಚು ಒಟ್ಟಿಗೆ ಆಡಿದ್ದಿಲ್ಲ. ನಾಳೆ ಎಂಟೂವರೆಗೆ, ಹೆಡ್‌ಮಾಸ್ಟರ ಕೋಣೆಗೆ ಹೋಗುವ ಮೊದಲು, ಸ್ಟಾಫ್ ರೂಮಿನ ಬಾಗಿಲು ಹಾಕಿ, ಮೂಲ ಹಾಳೆ ತೆಗೆಯುತ್ತೇನೆ. ಅವರ ಕೈಗೆ ಕೊಡುವುದಿಲ್ಲ. ಕೊಟ್ಟರೆ ಕೆಂಪು ಪೆನ್ನು ತೆಗೆಯುತ್ತಾರೆ. ಅವರ ಎದುರು ಕೂತು ನಾನೇ ಗಟ್ಟಿಯಾಗಿ ಓದುತ್ತೇನೆ, ಮೊದಲ ಪ್ಯಾರಾದಿಂದ.